ಎಣ್ಣಿ ಎಲ್ಲಿ ಬಿಡ್ತಾರ?

2002ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಸೆಮಿನಾರಿಗೆ ವಿಷಯ ಆರಿಸಿಕೊಳ್ಳಬೇಕಿತ್ತು. ರೋಬೋಟು, ಸಿಎನ್‌ಸಿ, ಫ್ಯುಯೆಲ್ ಸೆಲ್ ಎಲ್ಲವನ್ನೂ ಗೆಳೆಯರು ಮೊದಲೇ ಹಂಚಿಕೊಂಡುಬಿಟ್ಟಿದ್ದರು. ನನಗೆ ಸಿಕ್ಕಿದ್ದು ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಕೂತು ಹುಡುಕಿದ ಒಂದು ಚಿತ್ರ. ಹಲ್ಲಿನ ಚಕ್ರಗಳ ಸಾಲು, ಅದರ ಮೇಲೆ ಎಂಟು ಕಾಲಿನ ಒಂದು ಜೀವಿ. ಗಡಿಯಾರದೊಳಗೆ ಜೇಡ ಹೊಕ್ಕಿದೆ ಎಂದುಕೊಂಡೆ. ಅಡಿಬರಹ ಓದಿದಾಗ ಗೊತ್ತಾಯಿತು, ಅದು ಜೇಡವಲ್ಲ, ನುಸಿ. ನಮ್ಮಲ್ಲಿ ತೆಂಗಿಗೆ ಬೀಳುತ್ತದಲ್ಲ, ಅದರ ಬಂಧು. ಬರಿಗಣ್ಣಿಗೆ ಒಂದು ಚುಕ್ಕೆಯಷ್ಟೇ ಕಾಣುವ ಆ ನುಸಿ ಚಿತ್ರದಲ್ಲಿ ಗಿರಣಿಯೊಳಗೆ ಬಂದ ಆನೆಯ ಹಾಗೆ ನಿಂತಿತ್ತು.

ಆ ಚಕ್ರಗಳನ್ನು ತಿರುಗಿಸುವ ಎಂಜಿನ್ನೇ ನನ್ನ ಸೆಮಿನಾರಿನ ವಿಷಯವಾಯಿತು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿರುವ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1990ರ ದಶಕದ ನಡುವೆ ಅದು ತಯಾರಾಯಿತು. ಅರ್ನೆಸ್ಟ್ ಗಾರ್ಸಿಯಾ ಮತ್ತು ಜೆಫ್ರಿ ಸ್ನೆಗೋವ್ಸ್ಕಿ ಎಂಬ ಇಬ್ಬರು ಇಂಜಿನಿಯರುಗಳ ಕೆಲಸ. ಹೆಸರು ಸರಳವಾಗಿ ಮೈಕ್ರೋಎಂಜಿನ್. ಅದು ತಿರುಗಿಸುವ ಹಲ್ಲಿನ ಚಕ್ರದ ಅಗಲ ಸುಮಾರು 50 ಮೈಕ್ರಾನ್, ತಲೆಗೂದಲಿನ ದಪ್ಪವನ್ನು ಮೀರುವುದಿಲ್ಲ. ವೇಗ ನಿಮಿಷಕ್ಕೆ 3 ಲಕ್ಷ ಸುತ್ತಿನವರೆಗೆ. ಈ ಒಂದು ಅಂಕಿ ಹೇಳಿದ್ದಕ್ಕೇ ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು.

ಮುಂದಿನ ವಾರ ಗದಗಕ್ಕೆ ಹೋದಾಗ ಅದೇ ಉತ್ಸಾಹದಲ್ಲಿ ಅವ್ವನಿಗೂ ಹೇಳಿದೆ. ಅವ್ವ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಜಂಪರು, ಲಂಗ, ದಿಂಬಿನ ಚೀಲ, ಶಾಲೆಯ ಯೂನಿಫಾರ್ಮು ಎಲ್ಲ ಆ ಮಷೀನಿನ ಮೇಲೆಯೇ ಆಗುತ್ತಿದ್ದವು. ನನ್ನ ಕಾಲೇಜಿನ ಫೀ ಕೂಡ. ಪೂರ್ತಿ ಕೇಳಿದಳು. ದಾರ ಹಲ್ಲಿನಿಂದ ಕತ್ತರಿಸಿ, "ಅಷ್ಟು ಸಣ್ಣದು ಅಷ್ಟು ಜೋರು ತಿರಗತೈತಿ ಅಂದ್ಯಲ್ಲ, ಅದಕ್ಕ ಎಣ್ಣಿ ಎಲ್ಲಿ ಬಿಡ್ತಾರ?" ಅಂದಳು.

ನಾನು ನಕ್ಕೆ. "ಎಣ್ಣಿ ಗಿಣ್ಣಿ ಏನೂ ಬ್ಯಾಡವಾ ಅದಕ್ಕ. ಅದು ಸಿಲಿಕಾನ್."

"ಸಿಲಿಕಾನ್ ಆದರೇನು? ತಿಕ್ಕಿದ್ದು ಸವೀತೈತಿ."

ಈಗ ಪುಣೆಯಲ್ಲಿ ಬೇರಿಂಗುಗಳಿಗೆ ಸಂಬಂಧಿಸಿದ ಕೆಲಸದಲ್ಲಿದ್ದೇನೆ. ಕೆಟ್ಟು ವಾಪಸು ಬಂದ ಭಾಗಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಯಾಕೆ ಸವೆದವು ಎಂದು ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಅವ್ವನ ಪ್ರಶ್ನೆಯ ಬೆಲೆ ತಿಳಿಯಲು ನನಗೆ ಇಷ್ಟು ವರ್ಷದ ಸಂಬಳ ಬೇಕಾಯಿತು.

ಮೊದಲು ಆ ಎಂಜಿನ್ನು ಹೇಗೆ ತಿರುಗುತ್ತದೆ ಎಂದು ಹೇಳಿಬಿಡುತ್ತೇನೆ. ಕಾಲಿನಿಂದ ತುಳಿಯುವ ಹೊಲಿಗೆ ಮಷೀನು ನೋಡಿದವರಿಗೆ ಅರ್ಧ ಕಥೆ ಗೊತ್ತೇ ಇದೆ. ಪಾದ ಮಾಡುವುದು ಮೇಲೆ ಕೆಳಗೆ ಆಡುವ ಕೆಲಸ ಮಾತ್ರ. ಪೆಡಲಿನಿಂದ ಒಂದು ಕಬ್ಬಿಣದ ರಾಡು ಮೇಲೆದ್ದು ದೊಡ್ಡ ಚಕ್ರದ ನಡುವಿನಿಂದ ತುಸು ಆಚೆಗೆ ಸಿಕ್ಕಿಕೊಂಡಿರುತ್ತದೆ. ರಾಡು ಮೇಲೆ ಕೆಳಗೆ ಹೋದಂತೆ ಚಕ್ರ ಸುತ್ತುತ್ತದೆ. ಬೆಲ್ಟು ಆ ಸುತ್ತನ್ನು ಮೇಲಿನ ಸಣ್ಣ ಚಕ್ರಕ್ಕೆ ಒಯ್ಯುತ್ತದೆ, ಅಲ್ಲಿಂದ ಒಳಗೆ ಹೋಗಿ ಅದು ಮತ್ತೆ ಸೂಜಿಯ ಮೇಲೆ ಕೆಳಗಿನ ಓಟವಾಗುತ್ತದೆ. ಇಷ್ಟೆಲ್ಲ ಸುತ್ತಿ ಬಳಸಿ ಹೊರಟಲ್ಲಿಗೇ ಬಂದಂತೆ ಕಾಣುತ್ತದೆ. ಆದರೆ ನಡುವೆ ಚಕ್ರ ಇಲ್ಲದಿದ್ದರೆ ಸಮನಾದ ಹೊಲಿಗೆ ಬೀಳುವುದಿಲ್ಲ.

ಇದರಲ್ಲೊಂದು ತೊಡಕಿದೆ. ರಾಡು ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಬಂದ ಗಳಿಗೆಯಲ್ಲಿ, ರಾಡು ಮತ್ತು ಚಕ್ರದ ನಡು ಒಂದೇ ಗೆರೆಯಲ್ಲಿ ಬಂದುಬಿಡುತ್ತವೆ. ಆಗ ಎಷ್ಟು ತುಳಿದರೂ ಚಕ್ರ ಅಲುಗದು, ಬಲವೆಲ್ಲ ನಡುವಿನ ಕೀಲಿಗೇ ಬೀಳುತ್ತದೆ. ವರ್ಕ್‌ಶಾಪಿನಲ್ಲಿ ಇದಕ್ಕೆ ಡೆಡ್ ಸೆಂಟರ್ ಅನ್ನುತ್ತೇವೆ. ಓಡುತ್ತಿರುವ ಚಕ್ರ ತನ್ನ ಭಾರದ ಓಘದಿಂದಲೇ ಆ ಜಾಗ ದಾಟಿಕೊಳ್ಳುತ್ತದೆ. ನಿಂತ ಚಕ್ರ ದಾಟುವುದಿಲ್ಲ. ಹಾಗಾಗಿ ಹೊಲಿಯುವವರೆಲ್ಲ ಶುರು ಮಾಡುವಾಗ ಬಲಗೈಯಿಂದ ಮೇಲಿನ ಚಕ್ರವನ್ನು ತಮ್ಮ ಕಡೆಗೆ ಸಣ್ಣಗೆ ಎಳೆದು ಬಿಡುತ್ತಾರೆ. ಅವ್ವ ದಿನಕ್ಕೆ ಅದೆಷ್ಟು ನೂರು ಸಲ ಹಾಗೆ ಎಳೆಯುತ್ತಿದ್ದಳೋ. ಆ ಕೈಗೆ ಇನ್ನೊಂದು ಕೆಲಸವೂ ಇದೆ: ಚಕ್ರ ಯಾವ ಕಡೆ ಸುತ್ತಬೇಕೆಂದು ಹೇಳುವುದು. ಬರೇ ಕಾಲನ್ನು ನಂಬಿದರೆ ಚಕ್ರ ಒಮ್ಮೊಮ್ಮೆ ಹಿಂದಕ್ಕೆ ತಿರುಗಿ ಕೆಳಗೆ ದಾರವೆಲ್ಲ ಗೋಜಲು. ಚಿಕ್ಕಂದಿನಲ್ಲಿ ಅವ್ವ ಇಲ್ಲದಾಗ ಮಷೀನು ತುಳಿದು ನಾನು ತಿಂದ ಏಟುಗಳೆಲ್ಲ ಈ ಗೋಜಲಿಗಾಗಿಯೇ.

ಸ್ಯಾಂಡಿಯಾದವರ ಎಂಜಿನ್ನಿನಲ್ಲಿ ಪಾದದ ಬದಲು ಹಣಿಗೆ ಇದೆ. ಎರಡು ಹಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು, ತಾಗದ ಹಾಗೆ, ಅರ್ಧ ಸೇರಿಸಿ ಹಿಡಿದಿದ್ದೀರಿ ಎಂದುಕೊಳ್ಳಿ. ಒಂದು ನೆಲಕ್ಕೆ ಭದ್ರ. ಇನ್ನೊಂದು ತೆಳ್ಳನೆಯ ಸಿಲಿಕಾನ್ ಸ್ಪ್ರಿಂಗುಗಳ ಮೇಲೆ ತೂಗಿಕೊಂಡಿದೆ. ಎರಡರ ನಡುವೆ ವೋಲ್ಟೇಜ್ ಕೊಟ್ಟರೆ ಒಂದು ಇನ್ನೊಂದನ್ನು ಒಳಗೆ ಸೆಳೆಯುತ್ತದೆ. ಪ್ಲಾಸ್ಟಿಕ್ ಹಣಿಗೆ ತಲೆಗೆ ತಿಕ್ಕಿ ಕಾಗದದ ಚೂರು ಎತ್ತುವ ಆಟದಲ್ಲಿರುವುದೂ ಇದೇ ಬಲ. ವೋಲ್ಟೇಜ್ ತೆಗೆದರೆ ಸ್ಪ್ರಿಂಗು ವಾಪಸು ಎಳೆಯುತ್ತದೆ. 1980ರ ದಶಕದ ಕೊನೆಗೆ ಬರ್ಕ್ಲಿಯಲ್ಲಿ ವಿಲಿಯಂ ಟ್ಯಾಂಗ್, ರೋಜರ್ ಹೋವ್ ಮೊದಲಾದವರು ರೂಪಿಸಿದ ಈ ಹಣಿಗೆಗೆ ಗೊತ್ತಿರುವುದು ಒಂದು ಗೆರೆಯ ಮೇಲೆ ಹಿಂದೆ ಮುಂದೆ ಆಡುವುದು, ಅಷ್ಟೇ. ನೇರವಾಗಿ ತಿರುಗುವ ಮೋಟರು ಕೂಡ 1988ರಲ್ಲಿ ಅದೇ ಬರ್ಕ್ಲಿಯಲ್ಲಿ ಆಗಿತ್ತು. ತಿರುಗಿತು, ಸುದ್ದಿಯೂ ಆಯಿತು. ಆದರೆ ಅದರ ಸುತ್ತುವ ಬಲ ತೀರಾ ಕಡಿಮೆ, ಅದನ್ನು ಹೊರತೆಗೆದು ಇನ್ನೊಂದು ಚಕ್ರಕ್ಕೆ ಜೋಡಿಸುವುದೂ ಕಷ್ಟ. ಹಣಿಗೆಯಾದರೆ ಬೇಕಾದಷ್ಟು ಹಲ್ಲು ಸೇರಿಸಿ ಬಲ ಹೆಚ್ಚಿಸಬಹುದು. ಆಮೇಲೆ ಅದನ್ನು ಸುತ್ತಾಗಿ ಬದಲಿಸಿಕೊಂಡರಾಯಿತು.

ಬದಲಿಸುವಾಗಲೇ ಡೆಡ್ ಸೆಂಟರ್ ಎದುರಾಗುತ್ತದೆ. ಅಲ್ಲಿ ಎಳೆದು ಬಿಡಲು ಕೈಯಿಲ್ಲ. ಚಕ್ರದ ಓಘ ದಾಟಿಸಲಿ ಎನ್ನೋಣವೆಂದರೆ ಆ ಅಳತೆಯಲ್ಲಿ ಓಘವೇ ಇಲ್ಲ. ಒಂದು ಚಕ್ರವನ್ನು ಎಲ್ಲ ದಿಕ್ಕಿನಲ್ಲೂ ಅರ್ಧ ಮಾಡಿದರೆ ಅದರ ತೂಕ 8ರಲ್ಲಿ ಒಂದು ಪಾಲಾಗುತ್ತದೆ. ತಿರುಗುತ್ತಲೇ ಇರಬೇಕೆಂಬ ಅದರ ಹಟ 32ರಲ್ಲಿ ಒಂದು ಪಾಲಿಗಿಳಿಯುತ್ತದೆ. ತಿಕ್ಕುವ ಮೈ ಮಾತ್ರ ನಾಲ್ಕರಲ್ಲಿ ಒಂದು ಪಾಲು ಉಳಿದುಕೊಳ್ಳುತ್ತದೆ. ಹೀಗೆ ಹತ್ತು ಹನ್ನೆರಡು ಸಲ ಅರ್ಧ ಮಾಡುತ್ತ ಹೋದರೆ ಅವ್ವನ ಮಷೀನಿನ ಚಕ್ರ ಕೂದಲಿನಷ್ಟಾಗುತ್ತದೆ. ಅಷ್ಟೊತ್ತಿಗೆ ಓಘ ಲೆಕ್ಕಕ್ಕೇ ಸಿಗುವುದಿಲ್ಲ, ತಿಕ್ಕಾಟವೇ ರಾಜ್ಯ ಆಳುತ್ತಿರುತ್ತದೆ.

ಇದಕ್ಕೆ ಅವರು ಕಂಡುಕೊಂಡ ಉಪಾಯ ಹಳೆಯದು. ಮೊದಲ ಹಣಿಗೆಗೆ ಕಾಟಕೋನದಲ್ಲಿ ಎರಡನೆಯದನ್ನು ಇಟ್ಟು, ಎರಡರ ರಾಡುಗಳನ್ನೂ ಚಕ್ರದ ಒಂದೇ ಮೊಳೆಗೆ ಜೋಡಿಸಿದರು. ಒಂದು ತನ್ನ ಡೆಡ್ ಸೆಂಟರಿನಲ್ಲಿ ಅಸಹಾಯಕವಾಗಿರುವ ಗಳಿಗೆಗೆ ಸರಿಯಾಗಿ ಇನ್ನೊಂದು ಪೂರ್ತಿ ಬಲದಲ್ಲಿರುತ್ತದೆ. ಗದಗ ಹುಬ್ಬಳ್ಳಿ ನಡುವೆ ಓಡುತ್ತಿದ್ದ ಹೊಗೆ ಬಂಡಿಯ ಎಂಜಿನ್ನಿನಲ್ಲೂ ಎಡಗಡೆಯ ರಾಡು ಬಲಗಡೆಯದಕ್ಕಿಂತ ಕಾಲು ಸುತ್ತು ಹಿಂದೆ ಮುಂದೆ ಇರುತ್ತಿದ್ದುದು ಇದಕ್ಕೇ. ಇಲ್ಲದಿದ್ದರೆ ಯಾವುದೋ ಒಂದು ಸ್ಟೇಷನ್ನಿನಲ್ಲಿ ಡೆಡ್ ಸೆಂಟರಿಗೆ ನಿಂತ ಬಂಡಿಯನ್ನು ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕಾಗುತ್ತಿತ್ತು. ಮೈಕ್ರೋಎಂಜಿನ್ನಿನಲ್ಲಿ ಯಾವ ಹಣಿಗೆ ಮೊದಲು, ಯಾವುದು ಕಾಲು ಸುತ್ತು ತಡ ಎನ್ನುವುದರ ಮೇಲೆ ಚಕ್ರದ ದಿಕ್ಕು ನಿಂತಿದೆ. ಅವ್ವನ ಬಲಗೈ ಮಾಡುತ್ತಿದ್ದ ಎರಡೂ ಕೆಲಸಗಳು ಎರಡನೆಯ ಹಣಿಗೆಗೆ ಬಂದವು.

ನೇರ ಓಟವನ್ನು ಸುತ್ತಾಗಿಸುವುದು ಯಾವ ಕಾಲದಲ್ಲೂ ಜಗಳದ ವಿಷಯವೇ. ಜೇಮ್ಸ್ ವಾಟ್‌ನ ಉಗಿಯಂತ್ರ ಗಣಿಯ ನೀರೆತ್ತಲು ಮೇಲೆ ಕೆಳಗೆ ಆಡುತ್ತಿತ್ತು. ಗಿರಣಿ ಓಡಿಸಲು ಅದು ಸುತ್ತಬೇಕಾಯಿತು. 1780ರಲ್ಲಿ ಪಿಕಾರ್ಡ್ ಎಂಬಾತ ಉಗಿಯಂತ್ರಕ್ಕೆ ಕ್ರ್ಯಾಂಕು ಜೋಡಿಸುವ ಪೇಟೆಂಟು ಪಡೆದುಬಿಟ್ಟ. ರಾಟೆಯಷ್ಟು ಹಳೆಯ ವಿದ್ಯೆಗೆ ಪೇಟೆಂಟು! ವಾಟ್ ಅವನೊಡನೆ ಗುದ್ದಾಡುವ ಬದಲು ಮರುವರ್ಷ ಒಂದು ಹಲ್ಲಿನ ಚಕ್ರದ ಸುತ್ತ ಇನ್ನೊಂದನ್ನು ಸುತ್ತಿಸುವ ಬೇರೆಯೇ ಹಾದಿ ಹಿಡಿದ.

ಇಷ್ಟು ನಾನು ಸೆಮಿನಾರಿನಲ್ಲೂ ಹೇಳಿದ್ದೆ. ಹೇಳದೆ ಬಿಟ್ಟಿದ್ದು ಎಣ್ಣೆಯ ವಿಷಯ.

ಅವ್ವನಿಗೆ ಮೊದಲೇ ಆ ಪ್ರಶ್ನೆ ಕೇಳಿಕೊಂಡಿದ್ದವನು ರಿಚರ್ಡ್ ಫೈನ್‌ಮನ್. 1959ರ ಡಿಸೆಂಬರ್ 29ರಂದು ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಭಾಷಣದಲ್ಲಿ ಆತ ತೀರಾ ಸಣ್ಣ ಯಂತ್ರಗಳ ಕನಸು ಬಿಚ್ಚಿಟ್ಟ. ಇಂಚಿನ 64ನೇ ಒಂದು ಪಾಲಿನ ಘನದೊಳಗೆ ಹಿಡಿಸುವ ಮೋಟರು ಮಾಡಿದವರಿಗೆ 1,000 ಡಾಲರ್ ಬಹುಮಾನವೆಂದ. ಹೊಸ ವಿದ್ಯೆಯೊಂದು ಹುಟ್ಟಲಿ ಎಂಬುದು ಅವನ ಆಸೆ. ಮರುವರ್ಷವೇ ವಿಲಿಯಂ ಮೆಕ್‌ಲೆಲ್ಲನ್ ಎಂಬಾತ ಚಿಮುಟ, ಸೂಕ್ಷ್ಮದರ್ಶಕ ಹಿಡಿದು ಕೈಯಿಂದಲೇ ಮಾಡಿ ತಂದು ತೋರಿಸಿ ಹಣ ಇಸಿದುಕೊಂಡು ಹೋದ. ಅದೇ ಭಾಷಣದಲ್ಲಿ ಫೈನ್‌ಮನ್ ಎಣ್ಣೆಯ ಮಾತೂ ಎತ್ತಿದ್ದ. ಯಂತ್ರ ಸಣ್ಣದಾದಂತೆ ಎಣ್ಣೆ ಜಿಗುಟಾಗಿಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಬೇರಿಂಗು ಒಣಗಿಯೇ ಓಡಲಿ ಬಿಡಿ ಎಂದ. ಅಷ್ಟು ಸಣ್ಣ ವಸ್ತುವಿನಿಂದ ಶಾಖ ಕ್ಷಣದಲ್ಲಿ ಹೊರಗೆ ಹೋಗುತ್ತದೆ, ಬಿಸಿಯಾಗುವುದಿಲ್ಲ ಎಂಬುದು ಅವನ ವಾದ. ಇಂಥ ಸಣ್ಣ ಕಾರು ಮಾಡಿದರೆ ನುಸಿಗಳು ಓಡಿಸಬಹುದು ಎಂದು ನಗಿಸಿಯೂ ಇದ್ದ. ಸ್ಯಾಂಡಿಯಾದವರು ಚಕ್ರದ ಮೇಲೆ ನುಸಿ ಬಿಟ್ಟು ಚಿತ್ರ ತೆಗೆದದ್ದು ಅದನ್ನು ನೆನೆದೇ ಇರಬಹುದು ಎಂದು ನನ್ನ ಊಹೆ.

ಶಾಖದ ವಿಷಯದಲ್ಲಿ ಫೈನ್‌ಮನ್ ಸರಿ. ಸವೆತದ ವಿಷಯದಲ್ಲಿ ಅವ್ವ ಸರಿ.

ಮೈಕ್ರೋಎಂಜಿನ್ನಿಗೆ ಎಣ್ಣೆ ಬಿಡುವುದಿರಲಿ, ನೀರು ಸೋಂಕಿದರೂ ಕಷ್ಟ. ಚಕ್ರ, ರಾಡು, ಹಣಿಗೆ ಎಲ್ಲವನ್ನೂ ಒಂದರ ಮೇಲೊಂದು ಪದರವಾಗಿ, ನಡುವೆ ಗಾಜಿನಂಥ ಆಕ್ಸೈಡ್ ತುಂಬಿ ಕಟ್ಟುತ್ತಾರೆ. ಕೊನೆಗೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿದರೆ ಆಕ್ಸೈಡ್ ಕರಗಿ ಭಾಗಗಳು ಬಿಡುಗಡೆಯಾಗುತ್ತವೆ. ಆಮೇಲೆ ತೊಳೆದು ಒಣಗಿಸುವಾಗ ನಡುವೆ ಉಳಿದ ನೀರಿನ ಹನಿ ಆರುತ್ತಾ ಎರಡು ಮೈಗಳನ್ನು ಒಟ್ಟಿಗೆ ಎಳೆದುಬಿಡುತ್ತದೆ. ಒದ್ದೆಯಾದ ಎರಡು ಗಾಜಿನ ಹಾಳೆ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ ನೋಡಿ. ಇಲ್ಲಿ ಅಂಟಿದ್ದು ಅಂಟಿತು, ಬಿಡಿಸುವ ಬಲ ಸ್ಪ್ರಿಂಗಿಗಿಲ್ಲ. ಅದಕ್ಕೇ ಹನಿಯೇ ಏಳದ ಹಾಗೆ ಒತ್ತಡದ ಇಂಗಾಲದ ಡೈಆಕ್ಸೈಡಿನಲ್ಲಿ ಒಣಗಿಸುತ್ತಾರೆ, ಇಲ್ಲವೇ ಒಂದೇ ಅಣುವಿನ ದಪ್ಪದ ಜಿಡ್ಡು ಪದರ ಹೊದಿಸುತ್ತಾರೆ. ಎಣ್ಣೆ ಎಂದು ಕರೆಯಬಹುದಾದದ್ದು ಇದ್ದರೆ ಆ ಪದರ ಮಾತ್ರ. ಅದೂ ಒಮ್ಮೆ ತಿಕ್ಕಿ ಹೋದರೆ ಮತ್ತೆ ಹಾಕುವ ದಾರಿಯಿಲ್ಲ.

ಸ್ಯಾಂಡಿಯಾದ ಒಂದು ಗುಂಪು, ಡ್ಯಾನೆಲ್ ಟ್ಯಾನರ್ ಮತ್ತು ಸಂಗಡಿಗರು, ಈ ಎಂಜಿನ್ನುಗಳನ್ನು ಸಾಲಾಗಿ ಓಡಿಸಿ, ನಿಲ್ಲುವವರೆಗೂ ಓಡಿಸಿ, ಬಿಚ್ಚಿ ನೋಡಿದರು. ನಾನು ಮಾಡುವ ಕೆಲಸವೇ, ಅಳತೆ ಮಾತ್ರ ಬೇರೆ. ನಿಂತುಹೋದದ್ದಕ್ಕೆ ಮುಖ್ಯ ಕಾರಣ ಸವೆತ. ಹಣಿಗೆಯ ಹಲ್ಲುಗಳಿಗೆ ಏನೂ ಆಗಿರಲಿಲ್ಲ, ಸ್ಪ್ರಿಂಗೂ ಮುರಿದಿರಲಿಲ್ಲ. ಸವೆದದ್ದು ಚಕ್ರದ ನಡುವಿನ ಕೀಲು ಮತ್ತು ರಾಡು ಸಿಕ್ಕಿಸುವ ಮೊಳೆ, ಅಂದರೆ ನೇರ ಓಟ ಸುತ್ತಾಗುವ ಜಾಗವೇ. ಸವೆದ ಪುಡಿ ಬಹುಪಾಲು ಆಕ್ಸೈಡ್ ಆದ ಸಿಲಿಕಾನ್, ಮರಳಿನ ಜಾತಿಯದು. ಬೇರಿಂಗಿನೊಳಗೆ ಮರಳು ಬಿದ್ದರೆ ಏನಾಗುತ್ತದೋ ಅದೇ ಆಗುತ್ತದೆ. ಇನ್ನೊಂದು ವಿಚಿತ್ರವೂ ಕಂಡಿತು. ಗಾಳಿ ಒಣಗಿದಷ್ಟೂ ಸವೆತದ ಪುಡಿ ಹೆಚ್ಚು, ತುಸು ತೇವವಿದ್ದಾಗ ಕಡಿಮೆ. ಅಂಟಿಸಿ ಕೊಲ್ಲುವ ನೀರೇ ತೆಳ್ಳಗಿದ್ದರೆ ಜಾರಿಸುವ ಪದರವಾಗುತ್ತಿತ್ತು. ಹಣಿಗೆಗೆ ಕೊಡುವ ವೋಲ್ಟೇಜಿನ ಲಯವನ್ನು ಸರಿಯಾಗಿ ಲೆಕ್ಕ ಹಾಕಿದರೆ ಕೀಲಿನ ಮೇಲಿನ ಒತ್ತಡ ಇಳಿದು ಆಯುಸ್ಸು ಬೆಳೆಯುತ್ತದೆ ಎಂದೂ ಕಂಡುಕೊಂಡರು. ಟಂಗ್‌ಸ್ಟನ್ನಿನ ತೆಳು ಲೇಪ ಹಾಕಿಯೂ ನೋಡಿದರು. ಅವ್ವ ಹೇಳುವ ಹಾಗೆ, ಹದ ನೋಡಿ ತುಳಿದರೆ ಮಷೀನು ಬಾಳುತ್ತದೆ.

ಟ್ಯಾನರ್ ಇಂಥ ಸೂಕ್ಷ್ಮಯಂತ್ರಗಳನ್ನೆಲ್ಲ ನಾಲ್ಕು ವರ್ಗ ಮಾಡಿದ್ದಾರೆ: ಚಲಿಸುವ ಭಾಗವೇ ಇಲ್ಲದವು, ಚಲಿಸಿದರೂ ಏನನ್ನೂ ತಾಗದವು, ತಾಗಿದರೂ ತಿಕ್ಕದವು, ತಾಗಿ ತಿಕ್ಕುವವು. ಮಾರುಕಟ್ಟೆಯಲ್ಲಿ ಗೆದ್ದು ಬಂದವು ಮೊದಲ ಮೂರು ವರ್ಗದವು. ನಿಮ್ಮ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರ ತಾನೇ ತಿರುಗುವುದು ಒಳಗೊಂದು ಸಿಲಿಕಾನ್ ಹಣಿಗೆ ಅಲುಗುವುದರಿಂದ. ಅದು ಅದೇ ವಂಶದ್ದು, ಆದರೆ ಸ್ಪ್ರಿಂಗಿನ ಮೇಲೆ ತೂಗುತ್ತ ಯಾವುದನ್ನೂ ತಿಕ್ಕದೆ ವರ್ಷಗಟ್ಟಲೆ ಬಾಳುತ್ತದೆ. ನಾಲ್ಕನೆಯ ವರ್ಗದ ನಮ್ಮ ಎಂಜಿನ್ನು ಪ್ರಯೋಗಾಲಯದ ಹೊರಗೆ ಹೆಚ್ಚು ದೂರ ಬರಲಿಲ್ಲ. ಅದಕ್ಕೆಂದು ಯೋಚಿಸಿದ್ದ ಕೆಲಸವೂ ಸಾಧಾರಣದ್ದಲ್ಲ. ಸ್ಯಾಂಡಿಯಾ ಅಣ್ವಸ್ತ್ರಗಳ ಸುರಕ್ಷೆಯ ಹೊಣೆ ಹೊತ್ತ ಸಂಸ್ಥೆ. ಆ ವಿದ್ಯೆಯಿಂದಲೇ 1998ರ ಹೊತ್ತಿಗೆ, ತಲಾ 300 ಮೈಕ್ರಾನಿಗಿಂತ ಸಣ್ಣದಾದ ಆರು ಚಕ್ರಗಳ ಸಂಕೇತದ ಬೀಗ ಮಾಡಿದರು. ಸರಿಯಾದ ಸಂಕೇತ ಬಿದ್ದರೆ ಮಾತ್ರ ಕಂಪ್ಯೂಟರಿನ ದಾರಿ ತೆರೆಯುವ ಬೀಗ. ವರ್ಷಕ್ಕೆ ಕೆಲವು ಸಲ ತೆರೆದರೆ ಸಾಕಾದ ಬೀಗಕ್ಕೆ ಸವೆತ ದೊಡ್ಡ ಚಿಂತೆಯಲ್ಲ. ದಿನವಿಡೀ ತಿರುಗಬೇಕಾದ ಯಂತ್ರಕ್ಕೆ ಅದೇ ಚಿಂತೆ.

ಅಪ್ಪ ಹೋದ ಮೇಲೆ 2011ರಲ್ಲಿ ಅವ್ವ ಪುಣೆಗೆ ಬಂದಳು. ಮಷೀನೂ ಟೆಂಪೋದಲ್ಲಿ ಬಂತು. ನಮ್ಮ ಸೊಸೈಟಿಯಲ್ಲಿ ಆಕೆಗೆ ಮರಾಠಿ ಬರುವುದಕ್ಕಿಂತ ಮೊದಲೇ ಗಿರಾಕಿಗಳು ಬಂದರು. ಐದು ವರ್ಷಕ್ಕೆ ಮೊಣಕಾಲು ನೋವು ಶುರುವಾಯಿತು. ನಾನು ಇಂಜಿನಿಯರ್ ಮಗ. ಆಕೆಯನ್ನು ಕೇಳದೆ ಮಷೀನಿಗೆ ಮೋಟರು ಹಾಕಿಸಿಬಿಟ್ಟೆ. ಡೆಡ್ ಸೆಂಟರ್ ಇಲ್ಲ, ತುಳಿತವಿಲ್ಲ, ಕಾಲಿಗೆ ಆರಾಮ ಎಂದುಕೊಂಡೆ. ಮೋಟರು ಶುರುವಾಗುವುದೇ ಜಿಗಿದು. ಎರಡನೆಯ ವಾರ ಸೂಜಿ ಎಡಗೈ ತೋರುಬೆರಳಿನ ಉಗುರಿನೊಳಗಿಂದ ಹಾಯ್ದಿತು. ಅಷ್ಟು ವರ್ಷದ ಹೊಲಿಗೆಯಲ್ಲಿ ಮೊದಲ ಸಲ. ನಾನು ಆಫೀಸಿನಲ್ಲಿದ್ದಾಗ ರಿಪೇರಿಯವನನ್ನು ಕರೆಸಿ ಮೋಟರು ಬಿಚ್ಚಿಸಿ ಹಳೆ ಬೆಲ್ಟು ಹಾಕಿಸಿಕೊಂಡಿದ್ದಳು. ಬೈಯಲಿಲ್ಲ. "ಕೈಗೆ ಗೊತ್ತಾಗೂದುಲ್ಲ ಅದು," ಅಂದಳು, ಅಷ್ಟೇ. ಶುರುವಿನಲ್ಲಿ ಚಕ್ರ ಎಳೆಯುವ ಆ ಬಲಗೈ ಬರೇ ಡೆಡ್ ಸೆಂಟರ್ ದಾಟಿಸುತ್ತಿರಲಿಲ್ಲ, ಸೂಜಿ ಎಲ್ಲಿದೆ ಎಂದೂ ನೋಡಿಕೊಳ್ಳುತ್ತಿತ್ತು. ಸವೆದ ಭಾಗಗಳ ವರದಿ ಬರೆಯುವ ನನಗೆ ಇದು ಹೊಳೆದಿರಲಿಲ್ಲ.

ಹೋದ ವರ್ಷ ಎಕ್ಸ್‌ರೇ ತೆಗೆಸಿದೆವು. ಎರಡೂ ಮೊಣಕಾಲಿನಲ್ಲಿ ನಡುವಿನ ಮೆತ್ತೆ ಹೋಗಿದೆ, ಮೂಳೆಗೆ ಮೂಳೆ ತಾಗುತ್ತಿದೆ. ಆ ಕಪ್ಪು ಬಿಳುಪು ಚಿತ್ರ ನೋಡುತ್ತಿದ್ದರೆ ಆಫೀಸಿನ ಮೇಜಿನ ಮುಂದೆ ಕೂತ ಹಾಗಿತ್ತು. ದೇಹವೂ ಮಾಡುವುದು ಅದನ್ನೇ. ಸ್ನಾಯುವಿಗೆ ನೇರ ಎಳೆಯುವುದು ಮಾತ್ರ ಗೊತ್ತು, ಅದನ್ನು ತಿರುವಾಗಿಸುವುದು ಕೀಲು, ಸವೆಯುವುದೂ ಕೀಲೇ. ನಮ್ಮ ಜೀವಕೋಶದೊಳಗೆ ಎಟಿಪಿ ಸಿಂಥೇಸ್ ಎಂಬ ಇನ್ನೂ ಸಾವಿರಾರು ಪಟ್ಟು ಸಣ್ಣ ಚಕ್ರಗಳಿವೆ. ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುವ ಪ್ರೋಟಾನುಗಳು ಅವನ್ನು ತಿರುಗಿಸುತ್ತವೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಒಂದು ಭಾಗಕ್ಕೆ ಹೊಳೆಯುವ ಎಳೆ ಕಟ್ಟಿ, ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಹಾಳಾದ ಚಕ್ರಗಳನ್ನು ಜೀವಕೋಶ ಬಿಚ್ಚಿ ಹೊಸದು ಕಟ್ಟಿಕೊಳ್ಳುತ್ತದೆ. ಮೊಣಕಾಲಿನ ಮೆತ್ತೆಗೆ ಆ ಸೌಲಭ್ಯ ಇಲ್ಲದಷ್ಟೇ. ಪೆಡಲು ತುಳಿದೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆ ಹೇಳಲಾಗದು, ವಯಸ್ಸು, ಮೆಟ್ಟಿಲು, ಕುಕ್ಕರಗಾಲಿನ ಕೆಲಸ ಎಲ್ಲ ಸೇರಿ ಎಂದರು. ನಾನು ಆ ಉತ್ತರವನ್ನು ಪೂರ್ತಿ ಒಪ್ಪಿಕೊಂಡಿಲ್ಲ. ಕಾಲೇಜಿನ ಫೀ ಕಟ್ಟಿದ ದಿನಗಳು ನೆನಪಾಗುತ್ತವೆ.

ಬದಲಿ ಕೀಲು ಲೋಹದ್ದು, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಮೆತ್ತೆ. ಅದೂ ತಿಕ್ಕುತ್ತದೆ, ಅದರ ಪುಡಿಯೂ ಮೂಳೆಗೆ ತೊಂದರೆ ಕೊಡಬಲ್ಲದು ಎಂದು ನನಗೆ ಗೊತ್ತು. ಗೊತ್ತಿರಬಾರದಿತ್ತು ಅನ್ನಿಸುತ್ತದೆ. ಎಷ್ಟು ವರ್ಷ ಬಾಳುತ್ತದೆ ಎಂದು ಅವ್ವ ಕೇಳಿದಳು. ಹದಿನೈದು ಇಪ್ಪತ್ತು ವರ್ಷಕ್ಕೆ ಚಿಂತೆಯಿಲ್ಲ ಎಂದರು ಡಾಕ್ಟರು. ಅವ್ವನಿಗೆ ಈಗ 71. ಬೆರಳು ಮಡಿಚಿ ಲೆಕ್ಕ ಹಾಕಿ, "ಸಾಕಾತು ಬಿಡ್ರಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ತುಳೀಲಿಕ್ಕೆ ಬರತೈತೇನೋ ಕೇಳು," ಅಂದಳು. ಕೇಳಿದೆ. ಆರೇಳು ತಿಂಗಳು ಬಿಟ್ಟು ನೋಡೋಣ ಎಂದರು.

ದೀಪಾವಳಿ ಆದ ಮೇಲೆ ಎಂದು ದಿನ ಗೊತ್ತು ಮಾಡಿದ್ದೇವೆ, ಮೊದಲು ಬಲಗಾಲು. ಅಷ್ಟರೊಳಗೆ ಒಪ್ಪಿಕೊಂಡ ಜಂಪರುಗಳನ್ನು ಮುಗಿಸಬೇಕಂತೆ. ನಿನ್ನೆ ರವಿವಾರ ಮಷೀನಿಗೆ ಎಣ್ಣೆ ಬಿಡುವ ಕೆಲಸ ನನಗೆ ಹಚ್ಚಿದಳು. ಯಾವ ತೂತಿಗೆ ಎಷ್ಟು ಹನಿ ಎಂದು ಕುರ್ಚಿಯಲ್ಲಿ ಕೂತೇ ಹೇಳುತ್ತಿದ್ದಳು. ಮುಗಿದ ಮೇಲೆ ಹಳೆ ಬಟ್ಟೆಯ ತುಂಡು ಕೊಟ್ಟು, ದಾರ ಹಾಕದೆ ಅದರ ಮೇಲೆ ಹತ್ತಿಪ್ಪತ್ತು ಹೊಲಿಗೆ ಓಡಿಸು, ಹೆಚ್ಚಾದ ಎಣ್ಣೆ ಅದಕ್ಕೆ ಹೋಗಲಿ ಅಂದಳು. ನಾನು ಪೆಡಲು ತುಳಿದೆ. ಚಕ್ರ ಹಿಂದಕ್ಕೆ ತಿರುಗಿತು.